ಮತ ಕೇಳುವ ನ್ಯಾಯಪೀಠ

ಕಾನೂನು ಮಾಡುವವರನ್ನು ಜನ ಆರಿಸುತ್ತಾರೆ. ಹಾಗಿದ್ದ ಮೇಲೆ ಆ ಕಾನೂನಿನಂತೆ ತೀರ್ಪು ಕೊಡುವವರನ್ನೂ ಜನರೇ ಆರಿಸಿದರೆ ತಪ್ಪೇನು? ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ವಾದವನ್ನು ಅಮೆರಿಕದ ಟೆಕ್ಸಾಸ್ ರಾಜ್ಯ ಒಂದೂವರೆ ಶತಮಾನದಿಂದ ಅನುಸರಿಸಿಕೊಂಡು ಬಂದಿದೆ. ಅಲ್ಲಿ ನ್ಯಾಯಾಧೀಶರಾಗುವವರು ಪಕ್ಷದ ಅಭ್ಯರ್ಥಿಗಳಾಗಿ ನಿಂತು, ಚಂದಾ ಎತ್ತಿ, ಪ್ರಚಾರ ಮಾಡಿ ಗೆಲ್ಲಬೇಕು. ಆ ರಾಜ್ಯದ ಅನುಭವವನ್ನು ಕೂಲಂಕಷವಾಗಿ ನೋಡಿದರೆ ಈ ಪದ್ಧತಿ ನ್ಯಾಯಕ್ಕೆ ಒಗ್ಗುವುದಿಲ್ಲವೆಂದೇ ಹೇಳಬೇಕಾಗುತ್ತದೆ.

ಪದ್ಧತಿ ಹುಟ್ಟಿದ್ದಕ್ಕೆ ಬಲವಾದ ಕಾರಣವಿತ್ತು. ಅಂತರ್ಯುದ್ಧದ ನಂತರ ಬಂದ 1869ರ ಸಂವಿಧಾನ ನ್ಯಾಯಾಧೀಶರನ್ನು ನೇಮಿಸುವ ಅಧಿಕಾರವನ್ನು ರಾಜ್ಯಪಾಲರ ಕೈಗೆ ಕೊಟ್ಟಿತ್ತು. ರಾಜ್ಯಪಾಲ ಎಡ್ಮಂಡ್ ಡೇವಿಸ್ 1873ರ ಚುನಾವಣೆಯಲ್ಲಿ ಸೋತಾಗ, ಅವರೇ ನೇಮಿಸಿದ್ದ ರಾಜ್ಯದ ಸುಪ್ರೀಂ ಕೋರ್ಟು ಸಂವಿಧಾನದ ಒಂದು ಅರ್ಧವಿರಾಮ ಚಿಹ್ನೆಯನ್ನು ಆಧಾರವಾಗಿಟ್ಟುಕೊಂಡು ಆ ಚುನಾವಣೆಯೇ ಅಸಿಂಧು ಎಂದಿತು. ವಿಜೇತರು ಆ ತೀರ್ಪನ್ನು ಲೆಕ್ಕಿಸದೆ ಅಧಿಕಾರ ಹಿಡಿದರು. 1876ರ ಹೊಸ ಸಂವಿಧಾನ ನ್ಯಾಯಾಧೀಶರ ಆಯ್ಕೆಯನ್ನು ಮತದಾರರಿಗೆ ಒಪ್ಪಿಸಿತು. ಐನೂರಕ್ಕೂ ಹೆಚ್ಚು ತಿದ್ದುಪಡಿ ಕಂಡ ಆ ಸಂವಿಧಾನ ಇಂದಿಗೂ ಜಾರಿಯಲ್ಲಿದೆ.

254 ಕೌಂಟಿಗಳ ಈ ರಾಜ್ಯದಲ್ಲಿ ಕೆಳಗಿನಿಂದ ಮೇಲಿನವರೆಗೆ ಬಹುಮಟ್ಟಿಗೆ ಇದೇ ರೀತಿ. ತಳಹಂತದ 'ಜಸ್ಟಿಸ್ ಆಫ್ ದಿ ಪೀಸ್' ಕೋರ್ಟು ಬಾಡಿಗೆದಾರರನ್ನು ಮನೆಯಿಂದ ತೆರವುಗೊಳಿಸುವ ವ್ಯಾಜ್ಯವನ್ನೂ 20,000 ಡಾಲರ್‌ವರೆಗಿನ ಹಣದ ತಕರಾರನ್ನೂ ಬಗೆಹರಿಸುತ್ತದೆ. ಅಲ್ಲಿ ಕೂರುವವರು ವಕೀಲರೇ ಆಗಿರಬೇಕೆಂದಿಲ್ಲ. ಅದರ ಮೇಲೆ ಕೌಂಟಿ ಕೋರ್ಟುಗಳು, ಜಿಲ್ಲಾ ಕೋರ್ಟುಗಳು, ಹದಿನೈದು ಮೇಲ್ಮನವಿ ಕೋರ್ಟುಗಳು. ತುದಿಯಲ್ಲಿ ಒಂದಲ್ಲ, ಎರಡು ಪರಮೋಚ್ಚ ಪೀಠಗಳು: ಸಿವಿಲ್ ವ್ಯಾಜ್ಯಗಳಿಗೆ ಸುಪ್ರೀಂ ಕೋರ್ಟು, ಅಪರಾಧ ಪ್ರಕರಣಗಳಿಗೆ ಕ್ರಿಮಿನಲ್ ಮೇಲ್ಮನವಿ ಕೋರ್ಟು. ಎರಡರಲ್ಲೂ ಒಂಬತ್ತು ಮಂದಿ, ಆರು ವರ್ಷದ ಅವಧಿ. ಮರಣದಂಡನೆಯ ಮೇಲ್ಮನವಿ ನೇರವಾಗಿ ಈ ಎರಡನೆಯ ಪೀಠಕ್ಕೇ ಹೋಗುತ್ತದೆ. ಕಳೆದ ಅರ್ಧ ಶತಮಾನದಲ್ಲಿ ದೇಶದಲ್ಲೇ ಅತಿ ಹೆಚ್ಚು ಮರಣದಂಡನೆ ಜಾರಿ ಮಾಡಿರುವ ರಾಜ್ಯದಲ್ಲಿ, ಆ ಮೇಲ್ಮನವಿಗಳ ತೀರ್ಪು ಹೇಳಬೇಕಾದವರು ಮತ್ತೆ ಮತ ಕೇಳಲು ಹೋಗಬೇಕು.

ಚುನಾವಣೆಯಿಂದ ಒಳಿತಾಗಿಲ್ಲವೆಂದರೆ ಅನ್ಯಾಯವಾಗುತ್ತದೆ. ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿಯಲ್ಲಿ 2018ರಲ್ಲಿ ಹದಿನೇಳು ಕಪ್ಪು ಮಹಿಳೆಯರು ನ್ಯಾಯಾಧೀಶರಾಗಿ ಗೆದ್ದರು. ಆದರೆ ಅದೇ ಚುನಾವಣೆಯಲ್ಲಿ ಒಂದೇ ಗುರುತಿನಿಂದ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹಾಕುವ ಅವಕಾಶವಿತ್ತು. ಅಂಥಲ್ಲಿ ಯೋಗ್ಯರು ಗೆದ್ದರೂ, ಅನುಭವಿಗಳು ಸೋತರೂ ಅದು ಅವರ ಕೆಲಸಕ್ಕೆ ಸಿಕ್ಕ ಅಂಕವಲ್ಲ. 2020ರಿಂದ ಆ ಅವಕಾಶ ರದ್ದಾಗಿದೆ. ಹೆಸರಿನ ಪಕ್ಕದಲ್ಲಿ ಪಕ್ಷ ಮಾತ್ರ ಉಳಿದಿದೆ.

ಪಕ್ಷ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೇ ಸಾಕು. ಚುನಾವಣಾ ಅಪರಾಧಗಳ ಮೇಲೆ ರಾಜ್ಯದ ಅಟಾರ್ನಿ ಜನರಲ್ ತಾವಾಗಿಯೇ ಮೊಕದ್ದಮೆ ಹೂಡುವಂತಿಲ್ಲ, ಸಂವಿಧಾನ ಆ ಅಧಿಕಾರವನ್ನು ಕೊಟ್ಟಿರುವುದು ಸ್ಥಳೀಯ ಸರ್ಕಾರಿ ವಕೀಲರಿಗೆ ಎಂದು ಕ್ರಿಮಿನಲ್ ಮೇಲ್ಮನವಿ ಕೋರ್ಟು 2021ರಲ್ಲಿ ಹೇಳಿತು. ಒಂಬತ್ತರಲ್ಲಿ ಎಂಟು ಮಂದಿಯ ತೀರ್ಪು ಅದು. ಒಂಬತ್ತೂ ಮಂದಿ ರಿಪಬ್ಲಿಕನ್ನರು. ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರೂ ಅದೇ ಪಕ್ಷದವರು. ಅವರು ಈ ನ್ಯಾಯಾಧೀಶರ ವಿರುದ್ಧ ಬಹಿರಂಗವಾಗಿ ಪ್ರಚಾರಕ್ಕಿಳಿದರು. 2024ರ ಮಾರ್ಚ್‌ನ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ, ಆ ತೀರ್ಪಿಗೆ ಸಹಮತ ಕೊಟ್ಟಿದ್ದ ಮೂವರು ಸೋತರು. ಆಗಿನ ಮುಖ್ಯ ನ್ಯಾಯಾಧೀಶೆ ಶರಾನ್ ಕೆಲರ್ ಅವರಲ್ಲೊಬ್ಬರು. ತೀರ್ಪು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಸರ್ಕಾರದ ಪರವಾಗಿ ವಾದಿಸಿ ಸೋತವರೇ ತೀರ್ಪು ಕೊಟ್ಟವರನ್ನು ಪೀಠದಿಂದ ಇಳಿಸಬಲ್ಲರಾದರೆ, ಮುಂದಿನ ಸಲ ಆ ಪೀಠ ಯಾರ ಮುಖ ನೋಡೀತು?

ನ್ಯಾಯಾಧೀಶರ ಹೊಣೆ ಮೊದಲಾಗಿ ಇರುವುದು ಬಹುಮತವಿಲ್ಲದವರ ಕಡೆಗೆ. ಟೆಕ್ಸಾಸ್ ಕಾನೂನಿಗೆ ಈ ಕಾಳಜಿ ಹೊಸದಲ್ಲ. ಅದು ಸ್ವತಂತ್ರ ಗಣರಾಜ್ಯವಾಗಿದ್ದಾಗಲೇ, 1839ರಲ್ಲಿ, ಸಾಲಗಾರನ ಮನೆಯನ್ನು ಜಪ್ತಿಯಿಂದ ಕಾಪಾಡುವ ಕಾನೂನು ಮಾಡಿತ್ತು. ಮದುವೆಯ ನಂತರದ ಗಳಿಕೆ ದಂಪತಿಗಳಿಬ್ಬರದೂ ಎಂಬ ಸ್ಪೇನಿನ ನಿಯಮವನ್ನು ಉಳಿಸಿಕೊಂಡಿತು. ಆದರೆ ಕಾನೂನಿನ ಆಸರೆ ಬೇಕಾದ ಎಷ್ಟೋ ಜನರಿಗೆ ಅಲ್ಲಿ ಮತವೇ ಇಲ್ಲ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕೆಲಸದ ವೀಸಾ ಮೇಲೆ ಬದುಕುತ್ತಿರುವ ಕನ್ನಡದ ಕುಟುಂಬಗಳೂ ಅವರಲ್ಲಿ ಸೇರಿವೆ. ಬಾಡಿಗೆಯ ತಕರಾರು, ವಿಚ್ಛೇದನ, ಮಗು ಯಾರ ಬಳಿ ಇರಬೇಕೆಂಬ ವ್ಯಾಜ್ಯ ಬಂದಾಗ ಅವರು ನಿಲ್ಲಬೇಕಾದದ್ದು, ತಾವು ಆರಿಸಲಾಗದ ಮತ್ತು ಸೋಲಿಸಲಾಗದ ಈ ನ್ಯಾಯಾಧೀಶರ ಮುಂದೆಯೇ.

ಹಾಗೆಂದು ನೇಮಕವನ್ನು ಮತ್ತೆ ರಾಜ್ಯಪಾಲರೊಬ್ಬರಿಗೇ ಬಿಟ್ಟುಕೊಡಬೇಕಿಲ್ಲ. ಮಿಸೌರಿ ರಾಜ್ಯ 1940ರಲ್ಲೇ ನಡುದಾರಿಯೊಂದನ್ನು ಕಂಡುಕೊಂಡಿತು. ಮೇಲಿನ ಕೋರ್ಟುಗಳಿಗೆ ಆಯೋಗವೊಂದು ಮೂವರ ಹೆಸರು ಸೂಚಿಸುತ್ತದೆ, ರಾಜ್ಯಪಾಲರು ಒಬ್ಬರನ್ನು ನೇಮಿಸುತ್ತಾರೆ, ಕೆಲಕಾಲದ ಬಳಿಕ ಅವರು ಮುಂದುವರಿಯಬೇಕೇ ಬೇಡವೇ ಎಂದು ಮತದಾರರು ಹೇಳುತ್ತಾರೆ. ಎದುರಾಳಿಯೂ ಇಲ್ಲ, ಪಕ್ಷದ ಹೆಸರೂ ಇಲ್ಲ. ಭ್ರಷ್ಟರನ್ನು ಇಳಿಸುವ ಅಧಿಕಾರ ಜನರಲ್ಲೇ ಉಳಿಯುತ್ತದೆ. ಪಕ್ಷದ ಹೆಸರಿನಲ್ಲಿ ನ್ಯಾಯಾಧೀಶರನ್ನು ಆರಿಸುವುದು ನಿಲ್ಲಲಿ ಎಂದು ಟೆಕ್ಸಾಸ್‌ನ ಮೊದಲ ಕಪ್ಪು ಮುಖ್ಯ ನ್ಯಾಯಮೂರ್ತಿ ವಾಲೇಸ್ ಜೆಫರ್ಸನ್ ಅವರೂ ಶಾಸಕಾಂಗದ ಎದುರೇ ಕೇಳಿದ್ದರು.

ಅಲ್ಲಿ ಸಂವಿಧಾನ ತಿದ್ದಲು ಶಾಸಕಾಂಗದ ಮೂರನೆಯ ಎರಡು ಭಾಗದ ಒಪ್ಪಿಗೆಯ ಜೊತೆಗೆ ಜನರ ಮತವೂ ಬೇಕು. ಅಂದರೆ ಈ ಬದಲಾವಣೆಯನ್ನು ಯಾರೂ ಜನರ ಮೇಲೆ ಹೇರಲಾರರು. ನ್ಯಾಯಾಧೀಶರನ್ನು ಪಕ್ಷಗಳ ಹಿಡಿತದಿಂದ ಬಿಡಿಸುವ ತೀರ್ಮಾನವನ್ನು ಮತದಾರರೇ ಮಾಡಬೇಕು. ತಮ್ಮ ವಿರುದ್ಧವೂ ತೀರ್ಪು ಕೊಡಬಲ್ಲ ಪೀಠ ತಮಗೇ ಬೇಕು ಎಂದು ಅವರು ಒಪ್ಪಿದ ದಿನ ಅದು ಸಾಧ್ಯವಾಗುತ್ತದೆ.