ಕುಡಿತ ಬಿಟ್ಟವನ ಸಂಜೆ

ಕುಡಿತ ಬಿಟ್ಟವನನ್ನು ಕಂಡರೆ ನಮ್ಮ ಸಭ್ಯ ಸಮಾಜಕ್ಕೆ ಎರಡೇ ಮಾತು ಬರುತ್ತವೆ. ಮೊದಲ ದಿನ "ಭೇಷ್!" ಹದಿನೈದು ದಿನಗಳ ಮೇಲೆ ಆತ ಹೊತ್ತೇ ಹೋಗುವುದಿಲ್ಲವೆಂದು ಗೊಣಗಿದರೆ, "ಅಷ್ಟೇ ತಾನೆ? ಒಂದು ಹವ್ಯಾಸ ಬೆಳೆಸಿಕೊಳ್ಳಿ ಸ್ವಾಮಿ." ಭೇಷ್ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಹವ್ಯಾಸದ ಉಪದೇಶದಷ್ಟು ಅಗ್ಗದ ಮಾತು ಇನ್ನೊಂದಿಲ್ಲವೆಂದು ಹೇಳಲೇಬೇಕಾಗಿದೆ.

ಬೇಸರವೆಂದರೆ ಕೆಲಸವಿಲ್ಲದವನ ಶೋಕಿ ಎಂದು ತಿಳಿದವರು ಈ ಬೇಸರವನ್ನು ಅರಿಯರು. ದಿನವೂ ಕುಡಿಯುತ್ತಿದ್ದವನ ಮಿದುಳು, ಮದ್ಯ ಉಕ್ಕಿಸುತ್ತಿದ್ದ ಡೋಪಮೈನ್ ಎಂಬ ರಾಸಾಯನಿಕಕ್ಕೆ ಒಗ್ಗಿಹೋಗಿರುತ್ತದೆ. ಅದು ನಿಂತ ಮೇಲೆ ಬಿಸಿ ದೋಸೆಯೂ ಸಪ್ಪೆ, ಸಂಗೀತವೂ ಸಪ್ಪೆ, ಮಗಳ ಮುದ್ದು ಮಾತೂ ಸಪ್ಪೆ. ನಿದ್ರೆಯೂ ಕೆಟ್ಟಿರುತ್ತದೆ. ಸರಿಹೋಗಲು ವಾರಗಳು, ಎಷ್ಟೋ ಜನರಿಗೆ ತಿಂಗಳುಗಳೇ ಹಿಡಿಯುತ್ತವೆ. (ವಿಪರೀತ ಕುಡಿಯುತ್ತಿದ್ದವರು ವೈದ್ಯರ ನೆರವಿಲ್ಲದೆ ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿ ಬಂದು ಪ್ರಾಣಕ್ಕೇ ಅಪಾಯವುಂಟು, ಹುಮ್ಮಸ್ಸಿನಲ್ಲಿ ಇದನ್ನು ಮರೆಯಬಾರದು.) ಅಂಥವನ ಕೈಗೆ ಅಂಚೆಚೀಟಿಯ ಪುಸ್ತಕ ಕೊಟ್ಟು "ಹಿಗ್ಗು" ಎನ್ನುವುದು, ಜ್ವರದ ಬಾಯಿಗೆ ಹೋಳಿಗೆ ಇಟ್ಟು ರುಚಿ ಹೇಗಿದೆಯೆಂದು ಕೇಳಿದಂತೆ.

ಅವನು ಕಳೆದುಕೊಂಡದ್ದು ಮದ್ಯವೊಂದನ್ನೇ ಏನು? ಕಚೇರಿ ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಬಾರು ಉತ್ತರವಾಗಿತ್ತು. ಅಲ್ಲಿ ಅವನದೆನ್ನುವ ಒಂದು ಕುರ್ಚಿ, ಹೆಸರು ಹಿಡಿದು ಮಾತಾಡಿಸುವ ಮಾಣಿ, ರಾಜಕೀಯದ ಮೇಲೆ ಜಗಳವಾಡಲು ನಾಲ್ಕು ಜನ. ಆ ಗೆಳೆತನ ಪೊಳ್ಳು ಎನ್ನುತ್ತೀರಿ. ಇರಬಹುದು. ಅದಕ್ಕೆ ಬದಲಾಗಿ ತಾವು ಕೊಟ್ಟ ಗಟ್ಟಿ ಗೆಳೆತನ ಯಾವುದು? ಇನ್ನು ಕುಡಿತ ಬಿಟ್ಟ ಹೆಂಗಸಿಗೆ ಭೇಷ್ ಎನ್ನುವವರೂ ಇಲ್ಲ. ಆಕೆ ಕುಡಿಯುತ್ತಿದ್ದಳೆಂದು ಒಪ್ಪುವುದೇ ಮನೆಯವರಿಗೆ ಅವಮಾನ.

1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣಕ್ಕೆ ಹೋಗಿದ್ದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ, ಬಂದ ಕೆಲಸ ಕೆಟ್ಟು, ಹೋಟೆಲಿನಲ್ಲಿ ಒಬ್ಬಂಟಿಯಾಗಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ಪಕ್ಕದಲ್ಲೇ ಬಾರಿನ ಸದ್ದು. ಆಗ ಅವನು ಮಾಡಿದ್ದೇನು? ಟೆಲಿಫೋನಿನ ಮೇಲೆ ಟೆಲಿಫೋನು ಮಾಡಿ ಆ ಊರಿನ ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕಿದವರು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಹಾಗೆ. ಅವರ ದೇವರ ಮಾತು ಕೆಲವರಿಗೆ ಹಿಡಿಸದು, ಅದು ಬೇರೆ ವಿಚಾರ. ನಮ್ಮಲ್ಲೇ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳವರು, ಶಿಬಿರ ಮುಗಿಸಿದವರನ್ನು ನವಜೀವನ ಸಮಿತಿಗಳೆಂದು ಒಟ್ಟುಗೂಡಿಸುತ್ತಾರೆ. ಬಿಟ್ಟವನಿಗೆ ಜನ ಬೇಕೆಂಬುದು ಇವರಿಗೆ ತಿಳಿದಿದೆ.

ಸರ್ಕಾರಕ್ಕೆ ತಿಳಿದಿಲ್ಲ. ಗಾಂಧೀಜಿಯವರ ಹೆಸರಿನಲ್ಲಿ ಪಾನನಿರೋಧ ಸಾರುವವರು ಅವರು 1941ರಲ್ಲಿ ಬರೆದ ರಚನಾತ್ಮಕ ಕಾರ್ಯಕ್ರಮದ ಪುಸ್ತಿಕೆಯನ್ನು ತೆರೆದು ನೋಡಲಿ. ದಣಿದ ಕೂಲಿಕಾರ ಕೈಕಾಲು ಚಾಚಿ ಕುಳಿತು, ಕಡಿಮೆ ಬೆಲೆಗೆ ಒಳ್ಳೆಯ ತಿಂಡಿ ತಿಂದು, ಆಟವಾಡುವ ತಾಣಗಳನ್ನು ತೆರೆಯಬೇಕೆಂದು ಅಲ್ಲಿ ಸೂಚಿಸಿದ್ದಾರೆ. ಸಂವಿಧಾನದ 47ನೆಯ ವಿಧಿಗೆ ಪಾನನಿರೋಧವಷ್ಟೇ ಸೇರಿತು. ಆಟದ ಮನೆಯನ್ನು ಎಲ್ಲರೂ ಮರೆತರು. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಂತಿತು, ಬಾರು ಉಳಿಯಿತು. 2023-24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬಂದದ್ದು 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಅದರಲ್ಲಿ ಒಂದು ಚೂರು ಸಾಕು, ಬಡಾವಣೆಗೊಂದು ಕೇರಂ ಹಲಗೆ, ನಾಲ್ಕು ಬೆಂಚು, ಕಾಫಿಯ ವ್ಯವಸ್ಥೆ ಇರುವ ಕೋಣೆ ತೆರೆಯಲು.

"ಮನೋಬಲವಿದ್ದರೆ ಇದೆಲ್ಲ ಏಕೆ?" ಎನ್ನುವವರು ಬಂದೇ ಬರುತ್ತಾರೆ. ಮದುವೆಯ ಔತಣದಲ್ಲಿ "ನಮಗಾಗಿ ಒಂದೇ ಒಂದು ಪೆಗ್ಗು" ಎಂದು ಗ್ಲಾಸು ಚಾಚುವವರೂ ಇವರೇ, ಮರುದಿನ "ಅವನಿಂದ ಆಗಲಿಲ್ಲ ನೋಡಿ" ಎಂದು ತೀರ್ಪು ಕೊಡುವವರೂ ಇವರೇ. ಇವರಿಗೆ ಒಂದೇ ಬೇಡಿಕೆ. ಆಸ್ತಿ ತೆರಿಗೆಯೊಡನೆ ನಾವೆಲ್ಲ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವಷ್ಟೆ. ಬಡಾವಣೆಯ ವಾಚನಾಲಯ ರಾತ್ರಿ ಹತ್ತರವರೆಗೆ ತೆರೆದಿರಲಿ ಎಂಬ ಅರ್ಜಿಗೆ ರುಜು ಹಾಕಲಿ. ಹಾಕಿದ ಮೇಲೆ, ಪಕ್ಕದ ಮನೆಯ ಆ ಮನುಷ್ಯನನ್ನು ಏಳು ಗಂಟೆಗೆ ಕಾಫಿಗೆ ಕರೆಯಲಿ, ಕುಡಿತದ ಮಾತು ಎತ್ತದೆ.