ಡೇರೆ ಗಡ್ಡೆ ಬಯಲಿಗೆ ಇಳಿಯುವಾಗ

ಮಳೆಗಾಲದ ಆರಂಭದಲ್ಲಿ ಮಲೆನಾಡಿನ ಹೆಂಗಸರು ಪರಸ್ಪರ ಕೊಟ್ಟು ಕೊಳ್ಳುವ ವಸ್ತುಗಳಲ್ಲಿ ಡೇರೆ ಗಡ್ಡೆಗೆ ವಿಶೇಷ ಸ್ಥಾನವಿದೆ. ಅಲ್ಲಿ ಹಣದ ಮಾತು ಕಡಿಮೆ. ಒಂದು ಬಣ್ಣಕ್ಕೆ ಇನ್ನೊಂದು ಬಣ್ಣವೇ ಬೆಲೆ. ಈ ಗಡ್ಡೆ ನೆಂಟಸ್ತನದ ದಾರಿ ಹಿಡಿದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಿತ್ತಿಲುಗಳಿಗೂ ಇಳಿಯುವುದು ಸ್ವಾಗತಾರ್ಹ. ಆದರೆ ಅಲ್ಲಿಯೂ ಅದು ಹಿತ್ತಿಲ ಹೂವಾಗಿಯೇ ಉಳಿಯಬೇಕು. ಎಕರೆಗಟ್ಟಲೆ ಬೆಳೆದು, ಔಷಧಿ ಹೊಡೆದು, ಲಾರಿಗೆ ತುಂಬುವ ಇನ್ನೊಂದು ವಾಣಿಜ್ಯ ಬೆಳೆಯಾಗಬಾರದು.

ಹೂವಿನ ಸ್ವಭಾವವೂ ಇದನ್ನೇ ಹೇಳುತ್ತದೆ. ಗುಲಾಬಿ, ಗ್ಲಾಡಿಯೋಲಸ್‌ಗಳನ್ನು ಮೊಗ್ಗಿನಲ್ಲೇ ಕೊಯ್ದು ದೂರದ ಪೇಟೆಗೆ ಕಳಿಸಬಹುದು, ಹೂದಾನಿಯಲ್ಲಿ ಅವು ಅರಳಿಕೊಳ್ಳುತ್ತವೆ. ಡೇರೆಯ ಬಿಗಿ ಮೊಗ್ಗು ಕೊಯ್ದ ಮೇಲೆ ಅರಳದು. ಬಹುಪಾಲು ಅರಳಿದ ಹೂವನ್ನು ಬೆಳಗಿನ ತಂಪಿನಲ್ಲಿ ಉದ್ದ ತೊಟ್ಟಿನೊಡನೆ ಕತ್ತರಿಸಿ ಕೂಡಲೇ ನೀರಿನಲ್ಲಿ ನಿಲ್ಲಿಸಬೇಕು. ಹಿಂಬದಿಯ ಎಸಳು ಬಾಡಿದ್ದರೆ ಆಗಲೇ ತಡವಾಯಿತೆಂದು ಅರ್ಥ. ಇಷ್ಟು ಜೋಪಾನ ಮಾಡಿದರೂ ಬಾಳಿಕೆ ನಾಲ್ಕೈದು ದಿನ. ಬೆಂಗಳೂರಿನ ಮಾರುಕಟ್ಟೆಯ ಕನಸು ಈ ಹೂವಿಗೆ ಸಲ್ಲದು. ಊರ ಪೇಟೆ, ಮದುವೆಯ ಚಪ್ಪರ, ದೇವರ ಮನೆ, ಇವೇ ಅದರ ಗಿರಾಕಿಗಳು.

ಮಲೆನಾಡಿನಲ್ಲಿ ಗಡ್ಡೆಗೆ ಅತಿಮಳೆಯ ಭಯ. ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆಯ ಹಾವೇರಿ ಸೀಮೆಯಲ್ಲಿ ಆ ಭಯ ಕಡಿಮೆಯಾದರೂ ಎರೆಭೂಮಿ ನೀರು ಹಿಡಿದಿಟ್ಟುಕೊಳ್ಳುವುದರಿಂದ ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ ಏರುಮಡಿ ಬೇಕೇ ಬೇಕು. ಮೂರು ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ, ಕೊಯ್ಯಲು ಹೂವೂ ಹೆಚ್ಚುತ್ತದೆ.

ರಾಣೆಬೆನ್ನೂರಿನ ಸುತ್ತಲಿನ ಹೊಲಗಳಲ್ಲಿ ಹೈಬ್ರಿಡ್ ಬೀಜಕ್ಕಾಗಿ ‘ಕ್ರಾಸಿಂಗ್’ ಕೆಲಸ ಮಾಡುವ ಹೆಂಗಸರ ಬೆರಳುಗಳಿಗೆ ಹೂವಿನ ಅಂತರಂಗ ಚೆನ್ನಾಗಿ ಗೊತ್ತು. ಅವರ ದುಡಿಮೆಯಿಂದ ಹುಟ್ಟಿದ ಬೀಜ ಕಂಪನಿಯ ಚೀಲ ಸೇರುತ್ತದೆ, ರೈತನು ಪ್ರತಿವರ್ಷ ಅದನ್ನು ಕೊಳ್ಳುತ್ತಾನೆ. ಡೇರೆಯ ಬೀಜವೂ ತಾಯಿಯಂತೆ ಹೂಬಿಡದು ನಿಜ; ಅದರ ಜೀವಕೋಶದಲ್ಲಿ ವರ್ಣತಂತುಗಳ ಎಂಟು ಪ್ರತಿಗಳಿರುವುದರಿಂದ ಪ್ರತಿ ಬೀಜವೂ ಒಂದು ಹೊಸ ಜೂಜು. ಆದರೆ ಗಡ್ಡೆ ಮೋಸ ಮಾಡುವುದಿಲ್ಲ. ಕಾಂಡದ ಬುಡದ ಒಂದು ಕಣ್ಣು ಉಳಿದಿದ್ದರೆ ಸಾಕು, ಮುಂದಿನ ವರ್ಷ ಅದೇ ಹೂವು, ಅದೂ ಬೆಳೆದವಳ ಸ್ವಂತದ್ದು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿಯ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾದುದನ್ನು ನಾಡು ಕಂಡಿದೆ. ಅಂಥ ನಷ್ಟವನ್ನು ಡೇರೆ ತುಂಬಿಕೊಡುವುದೆಂದು ಹೇಳುವುದು ಸುಳ್ಳಾದೀತು. ಮನೆಯೊಡತಿಯ ಕೈಗೆ, ಯಾರನ್ನೂ ಕೇಳಬೇಕಿಲ್ಲದ ಪುಡಿಗಾಸು ಬಂದೀತು, ಅಷ್ಟೆ.

ಆತಂಕವಿರುವುದು ಬೇರೆಡೆ. ಇಂಡೋನೇಷ್ಯಾ ಕಡೆಯ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ನುಸಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿಯ ಮೇಲೆ. 2018ರ ಹೊತ್ತಿಗೆ ಕರ್ನಾಟಕದ ಡೇರೆಯಲ್ಲೂ ಅದು ದಾಖಲಾಯಿತು. 2021–22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಹಾಳುಗೆಡವಿದ್ದು ಇದೇ ನುಸಿ. ಹೂವಿನೊಳಗೆ ಅವಿತು, ಮಣ್ಣಿನಲ್ಲಿ ಕೋಶಾವಸ್ಥೆ ಕಳೆಯುವ ಇದಕ್ಕೆ ಬ್ಯಾಡಗಿಯ ಮೆಣಸಿನ ಸೀಮೆಯಲ್ಲಿ ಎಕರೆಗಟ್ಟಲೆ ಡೇರೆ ಬೆಳೆಯುವುದೆಂದರೆ ತಂಗುದಾಣ ಕಟ್ಟಿಕೊಟ್ಟಂತೆ. ಹಿತ್ತಿಲ ಹತ್ತು ಗಿಡಗಳ ಹೂವನ್ನಾದರೆ ದಿನವೂ ಬಿಳಿ ಹಾಳೆಯ ಮೇಲೆ ಕೊಡವಿ ನೋಡಬಹುದು.

ಆದ್ದರಿಂದ ಘಟ್ಟದ ಮೇಲಿನವರು ಬಯಲಿನ ನೆಂಟರಿಗೆ ಮಣ್ಣುಸಹಿತ ಸಸಿ ಕೊಡಬಾರದು. ಗಿಡ ಒಣಗಿದ ಮೇಲೆ ಅಗೆದು, ತೊಳೆದು, ನೆರಳಲ್ಲಿ ಆರಿಸಿದ ಗಡ್ಡೆಯನ್ನಷ್ಟೇ ಕೊಡಬೇಕು. ಎಲೆನರದ ಉದ್ದಕ್ಕೂ ಹಳದಿ ಗೀರು ಕಂಡ ಗಿಡದ ಗಡ್ಡೆಯಲ್ಲಿ ನಂಜಾಣು ಉಳಿದಿರಬಹುದು. ಬಣ್ಣ ಎಷ್ಟೇ ಅಪರೂಪದ್ದಾದರೂ ಅದನ್ನು ಹಂಚದೆ ಸುಡುವುದೇ ಲೇಸು.