ಓದಬಲ್ಲವರೇ, ಆ ಲೆಕ್ಕವನ್ನು ಗಟ್ಟಿಯಾಗಿ ಓದಿ

ಹಾನುಬಾಳಿನ ಬಂಧುಗಳೇ, ಶ್ರೀಲಂಕಾದ ಚಹಾ ತೋಟಗಳ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಬದುಕಿರುವ ತಮಿಳು ಕೂಲಿಕಾರರ ಮನೆಗಳಿಗೆ ನಮ್ಮ ದೇಶ ನೆರವು ಕೊಡುತ್ತಿದೆ: ಮೊದಲು 4,000 ಮನೆ, 2017ರಲ್ಲಿ ಮತ್ತೆ 10,000ದ ಘೋಷಣೆ. ಅದಕ್ಕೂ ಮುಂಚೆ, ಯುದ್ಧದಲ್ಲಿ ನಾಶವಾದ ಅಲ್ಲಿನ ಉತ್ತರ ಮತ್ತು ಪೂರ್ವದ ಊರುಗಳಲ್ಲಿ ಮನೆಗೆ ಐದೂವರೆ ಲಕ್ಷ ಶ್ರೀಲಂಕಾ ರೂಪಾಯಿಯಂತೆ, ಕೆಲಸ ಮುಂದುವರಿದ ಹಾಗೆ ಕಂತುಕಂತಾಗಿ, ಮನೆಯವರ ಬ್ಯಾಂಕ್ ಖಾತೆಗೇ ಹಣ ಹೋಯಿತು. ಎಷ್ಟು ಬಂತು, ಎಷ್ಟು ಉಳಿಯಿತು ಎಂಬುದು ಮನೆಯ ಯಜಮಾನಿತಿಗೂ ಗೊತ್ತಿತ್ತು. ನಮ್ಮದೇ ಹಣ ಹೀಗೆ ಹೋಗಿದೆ ಎಂಬುದು ನನಗೆ ಹೆಮ್ಮೆಯ ಮಾತು.

ಇಲ್ಲಿಗೂ ಹೊರಗಿನ ಹಣ ಬಂದಿದೆ. 2005ರಲ್ಲಿ ಕರ್ನಾಟಕದ ಕಾಡುಗಳಿಗೆಂದು ಜಪಾನ್ ಸುಮಾರು 1,520 ಕೋಟಿ ಯೆನ್ ಕೊಡಲು ಒಪ್ಪಿತು. ದಾನವಲ್ಲ, ಸಾಲ, ತೀರಿಸುವವರು ನಮ್ಮ ಮಕ್ಕಳು. ಅದೇ ವರ್ಷ ಪ್ಯಾರಿಸ್‌ನಲ್ಲಿ ಕೊಡುವ ದೇಶಗಳೂ ಪಡೆಯುವ ದೇಶಗಳೂ ಪರಸ್ಪರ ಲೆಕ್ಕ ಒಪ್ಪಿಸುತ್ತೇವೆಂದು ಮಾತು ಕೊಟ್ಟವು, ಅದೇ ವರ್ಷ ನಮಗೆ ಮಾಹಿತಿ ಹಕ್ಕೂ ಬಂತು. ಸಾಲದ ವಿವರ ಇಂಗ್ಲಿಷಿನಲ್ಲಿ ಬಯಲಿಗಿದೆ, ಮುಚ್ಚಿಟ್ಟದ್ದಲ್ಲ. ನಿಮಗೆ ಓದಲು ಬರುತ್ತದೆ. ತೋಟದ ಮಾಲೀಕರೇ, ಮೇಷ್ಟ್ರುಗಳೇ, ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳೇ, ನಿಮಗೆ ಓದಲು ಬರುತ್ತದೆ. ಆದರೂ ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳದೆ, ಪುಸ್ತಕಕ್ಕೆ ಸಹಿ ಹಾಕಿ, ಮಳೆ ಹಿಡಿಯುವ ಮುಂಚೆ ಮನೆ ಸೇರೋಣವೆಂದು ಎದ್ದುಬಿಡುತ್ತೀರಿ.

ಆ ಸಭೆಯಲ್ಲಿ ಸದಸ್ಯರಾಗಿ ಕೂರುವ ಹಕ್ಕೇ ಇಲ್ಲದವರಿದ್ದಾರೆ. ಅಸ್ಸಾಮಿನಿಂದ ಕಾಫಿ ಕುಯ್ಲಿಗೆ ಬಂದು, ಮಗುವನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ನಿಮ್ಮ ಲೈನ್‌ಮನೆಯ ಏರು ಹತ್ತುವ ಹೆಣ್ಣುಮಗಳ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ, ಹಾಗಾಗಿ ಆಕೆ ಗ್ರಾಮಸಭೆಯ ಸದಸ್ಯಳಲ್ಲ. ಆಕೆಯ ನಲ್ಲಿಗೆ, ಶೌಚಾಲಯಕ್ಕೆ, ಮಗುವಿನ ಅಂಗನವಾಡಿಗೆ ಯಾರು ಎಷ್ಟು ಕೊಟ್ಟರು, ಅದು ಎಲ್ಲಿಯವರೆಗೆ ಬಂತು ಎಂದು ಆಕೆಯ ಪರವಾಗಿ ಕೇಳುವವರು ಯಾರು? ಕೇಳುವವರಿಲ್ಲದಿದ್ದರೆ ಏನಾಗುತ್ತದೆ ನೋಡಿ: 2025ರ ಜುಲೈ 1ಕ್ಕೆ, ಹೊರದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕದ ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಆ ಹಣವನ್ನೇ ನಂಬಿದ್ದ ದೂರದೂರದ ಬಡವರನ್ನು ಒಂದು ಮಾತೂ ಕೇಳಲಿಲ್ಲ. ಕೊಡುವಾಗ ಕೇಳದವರು ನಿಲ್ಲಿಸುವಾಗ ಕೇಳುತ್ತಾರೆಯೇ?

ನೀವು ಕೆಟ್ಟವರಲ್ಲ. ಪಕ್ಕದ ಮನೆಯಲ್ಲಿ ಸಾವಾದರೆ ಒಲೆ ಹಚ್ಚದ ಜನ ನೀವು. ಅದಕ್ಕೇ ಬೇಡುತ್ತಿದ್ದೇನೆ: ಮುಂದಿನ ಗ್ರಾಮಸಭೆಗೆ ಲೈನ್‌ಮನೆಯವರನ್ನೂ ಕರೆದುಕೊಂಡು ಬನ್ನಿ. ಸರ್ಕಾರದ್ದಾಗಲಿ, ಸಂಸ್ಥೆಯದ್ದಾಗಲಿ, ಸಮುದ್ರದಾಚೆಯದ್ದಾಗಲಿ, ಊರಿಗೆ ಬಂದ ಹಣದ ಲೆಕ್ಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ. ಓದಿ ಮುಗಿಯುವ ತನಕ ದಯವಿಟ್ಟು ಏಳಬೇಡಿ.